ಗದ್ದ ಸ್ವಲ್ಪ ಮೇಲೆ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರದ ಒಂದು ನೇಕಾರರ ಬೀದಿ, ಎಡಸಾಲಿನ ಐದನೇ ಮನೆ. ಪಡಸಾಲೆಗೂ ಹಿಂದಿನ ಮಗ್ಗದ ಶೆಡ್ಡಿಗೂ ನಡುವೆ ಒಂದು ಹೊಸ್ತಿಲು. ಅದರ ಈಚೆ ನನ್ನ ಎಡಗಾಲು, ಆಚೆ ಬಲಗಾಲು. ಎದುರಿಗೆ ಐದೂವರೆ ಅಡಿ ದೂರದಲ್ಲಿ ಒಂದು ಮರದ ಕುರ್ಚಿ. ತೊಂಬತ್ತೆರಡನೇ ಇಸವಿಯ ಆಷಾಢ, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಗೋಡೆ ಗಡಿಯಾರ ಹಾಗೆ ತೋರಿಸುತ್ತಿತ್ತು. ಆ ಮನೆಯ ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆಂದು ಆಮೇಲೆ ತಿಳಿಯಿತು. ಆದ್ದರಿಂದ ಹತ್ತೂ ಐದು ಎಂದು ಇಟ್ಟುಕೊಳ್ಳಬೇಕು.

ಇಷ್ಟು ಹಿಡಿದು ಹೇಳುವುದಕ್ಕೆ ಕಾರಣವಿದೆ. ಅವತ್ತು ನಡೆದದ್ದನ್ನು ನಮ್ಮೂರಿನಲ್ಲಿ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬ ಹಿರಿಯರು, ನಾನು ಯಾರೆಂದು ತಿಳಿಯದೆ, ನನಗೇ ಹೇಳಿದರು: ಹೆಣ ಮಾತಾಡಿತಂತೆ. ಹೆಣ ಮಾತಾಡಲಿಲ್ಲ. ನಾನು ಅಲ್ಲೇ ಇದ್ದೆ.

ನನಗಾಗ ಇಪ್ಪತ್ತನಾಲ್ಕು ವರ್ಷ. ಅಪ್ಪನ ಮಗ್ಗ ಬಿಟ್ಟು, ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಒಂದೂವರೆ ವರ್ಷ ದುಡಿದು, ಊರಿಗೆ ಬಂದು ನನ್ನದೇ ಸ್ಟುಡಿಯೋ ಇಟ್ಟಿದ್ದೆ. ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮರಾ, ಕೊಳದಲ್ಲಿ ಎರಡು ಹಂಸ ಬರೆದಿದ್ದ ಪರದೆ, ಬಾಚಣಿಗೆ, ಪೌಡರ್ ಡಬ್ಬಿ, ಎಲ್ಲರಿಗೂ ಆಗಲಿ ಎಂದು ಹೊಲಿಸಿ ಯಾರಿಗೂ ಆಗದ ಒಂದು ಕೋಟು. ಕಲೆ ಎಂದು ನಾನು ಕಲಿತು ಬಂದದ್ದು ಮೂರು ವಾಕ್ಯ. ಗದ್ದ ಸ್ವಲ್ಪ ಮೇಲೆ. ಮುಖ ಸ್ವಲ್ಪ ಬಲಕ್ಕೆ. ಸ್ವಲ್ಪ ನಗಿ. ಇದೇ ಕ್ರಮದಲ್ಲಿ ಹೇಳುವುದು, ಗುಂಡಿ ಒತ್ತುವುದು. ಮೂರು ತಿಂಗಳ ಕೂಸಿಗೂ ಹೇಳುತ್ತಿದ್ದೆ. ಆಯುಧಪೂಜೆಯಲ್ಲಿ ಒಂದು ಹೊಸ ಸ್ಕೂಟರಿಗೂ ಹೇಳಿದ್ದೆ. ನನ್ನ ಫೋಟೋಗಳಲ್ಲಿ ಇಡೀ ಊರೇ ಒಂದು ಮನೆಯವರ ಹಾಗೆ ಕಾಣುತ್ತಿತ್ತು. ಎಲ್ಲರೂ ಬಲಗಡೆಯ ಆಕಾಶದಲ್ಲಿ ವಿಮಾನ ಕಂಡು ಖುಷಿಪಟ್ಟವರು. ನನಗೂ ಅದು ಸಾಕಾಗಿತ್ತು. ಆದರೆ ಇನ್ನೇನು ಮಾಡಬೇಕೆಂದು ಗೊತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಬೀದಿಗಳಲ್ಲಿ ಬೆಳಗಿನಿಂದ ಪವರ್‌ಲೂಮ್ ಸದ್ದು. ಹತ್ತಿರ ಕೂತವನಿಗೂ ಕೂಗಿಯೇ ಹೇಳಬೇಕು. ಹಾಗಾಗಿ ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಪಿಸುಮಾತು ಬರುವುದಿಲ್ಲ. ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳಿಸುತ್ತದೆ. ಮಗ್ಗ ಓಡುವಾಗ ಇದರಿಂದ ತೊಂದರೆಯಿಲ್ಲ. ಆದರೆ ಬೀದಿಯಲ್ಲಿ ಒಂದು ಸಾವಾದರೆ ಎಲ್ಲರೂ ಮಗ್ಗ ನಿಲ್ಲಿಸುತ್ತಾರೆ. ಅವತ್ತು ಬೆಳಿಗ್ಗೆ ಬೀದಿಯ ಅಷ್ಟೂ ಮಗ್ಗ ನಿಂತಿದ್ದವು.

ತೀರಿಹೋದವರು ನಾಲ್ಕು ಮಗ್ಗದ ಯಜಮಾನರು, ಅರವತ್ತೈದರ ಆಸುಪಾಸು. ಅವರು ಒಂದು ಫೋಟೋಗೂ ಮುಖ ಕೊಟ್ಟವರಲ್ಲ. ಕೇಳಿದರೆ, "ಫೋಟೋ ಅಂದ್ರೆ ಗೋಡೆಗೆ ಹೋಗೋದು. ನಾನಿನ್ನೂ ಮಗ್ಗದ ಹತ್ರ ಇದ್ದೀನಲ್ಲಪ್ಪ" ಅನ್ನುತ್ತಿದ್ದರು. ಅವರ ಕಿರಿಯ ಮಗಳ ಮದುವೆಗೆ ನಾನೇ ಫೋಟೋ ತೆಗೆದಿದ್ದೆ. ಒಂಬತ್ತರಲ್ಲಿ ಅವರಿದ್ದಾರೆ, ಒಂಬತ್ತರಲ್ಲೂ ಮುಖವಿಲ್ಲ. ಒಂದರಲ್ಲಿ ಬಾಳೆಲೆ ಅಡ್ಡ, ಒಂದರಲ್ಲಿ ಟವೆಲ್, ಒಂದರಲ್ಲಿ ಯಾರದೋ ಮಗುವನ್ನೇ ಎತ್ತಿ ಅಡ್ಡ ಹಿಡಿದಿದ್ದಾರೆ. ಧಾರೆ ಎರೆಯುವ ಫೋಟೋದಲ್ಲಿ ಕೂಡ ಸರಿಯಾಗಿ ಆ ಕ್ಷಣಕ್ಕೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಾರೆ. ಚಪ್ಪಲಿ ಮಂಟಪದಲ್ಲಿ ಎಲ್ಲಿಂದ ಬರಬೇಕು?

ಆ ಶುಕ್ರವಾರ ನನ್ನನ್ನು ಕರೆಸಿದ್ದು ಅವರ ಹೆಂಡತಿ. ನಾನು ಹೋದಾಗ ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ ಟವೆಲ್ ಸುತ್ತಿ ಹಿಂದಕ್ಕೆ ಕಟ್ಟಿದ್ದರು. ಆಕೆ ಅಳುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು.

"ಒಂದೇ ಒಂದು ಮುಖ ತೆಗ್ದುಕೊಡಪ್ಪ. ನನ್ನ ಬುದ್ಧಿ ಗೊತ್ತಲ್ಲ, ಸೀಗೇಪುಡಿ ಎಲ್ಲಿಟ್ಟೆ ಅನ್ನೋದೇ ಮರೀತೀನಿ. ಇವ್ರ ಮುಖ ಮರೆತುಬಿಟ್ರೆ ಏನ್ ಮಾಡ್ಲಿ? ಯಾರನ್ನ ಕೇಳ್ಲಿ?"

"ತೆಗೀತೀನಮ್ಮ" ಅಂದೆ. ಇದು ನನ್ನ ಮಾತು, ನಾನೇ ಕೊಟ್ಟದ್ದು.

ಸಮಯವಿರಲಿಲ್ಲ. ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಎತ್ತಬೇಕೆಂದು ಯಜಮಾನರ ಅಣ್ಣ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ಗದ್ದಕ್ಕೆ ಕಟ್ಟಿದ್ದ ಬಟ್ಟೆ ಹಲ್ಲುನೋವಿನವರ ಹಾಗೆ ಕಾಣುತ್ತದೆಂದು ಬಿಚ್ಚಿದರು. ಬಿಚ್ಚಿದರೆ ತಲೆ ಎದೆಗೆ ಬೀಳುತ್ತಿತ್ತು. ಆಗ ಹಿರಿಯ ಅಳಿಯ ಮುಂದೆ ಬಂದರು. ನಮ್ಮೂರ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ ಇಟ್ಟಿದ್ದವರು, ಮಾವನೆಂದರೆ ಬಹಳ ಭಕ್ತಿ. ಅವರು ಕುರ್ಚಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡು ಕೈ ಮೇಲೆತ್ತಿ ಮಾವನ ಕತ್ತು ಹಿಡಿದುಕೊಂಡರು. ಅವರು ಕಾಣದಂತೆ ಮಗ್ಗದಿಂದ ಆಗತಾನೇ ಇಳಿದ ಒಂದು ಹಸಿರು ಸೀರೆಯನ್ನು ಪರದೆಯಾಗಿ ಹಿಡಿದದ್ದು ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಬಲಗಡೆ, ಚಿಕ್ಕವಳು ಎಡಗಡೆ. ಪಕ್ಕದ ಮನೆಯವರೊಬ್ಬರು ತಮ್ಮ ಮದುವೆಯ ಪೇಟ ತಂದು ಯಜಮಾನರ ತಲೆಗಿಟ್ಟರು. ಅದು ಎರಡು ಸುತ್ತು ದೊಡ್ಡದಾಯಿತು.

"ಕಣ್ಣು ಮುಚ್ಚೈತಲ್ಲ" ಎಂದರು ದೊಡ್ಡ ಮಗಳು.

"ಬಿಡಮ್ಮ, ಬೆಂಗಳೂರಲ್ಲಿ ಫೋಟೋ ಮೇಲೆ ಕಣ್ಣು ಬರೆದುಕೊಡ್ತಾರೆ. ಮೂತಿ ಸಿಕ್ರೆ ಸಾಕು" ಎಂದರು ಪಕ್ಕದ ಮನೆಯವರು.

ನಾನು ಕ್ಯಾಮರಾ ಕಣ್ಣಿಗಿಟ್ಟೆ. ಅಳಿಯ ಹಿಂದೆ ಇದ್ದಾರೆಂದು ನನಗೆ ಗೊತ್ತಿತ್ತು. ಆದರೆ ಕ್ಯಾಮರಾದ ಕಿಂಡಿಯಲ್ಲಿ ಅಳಿಯ ಕಾಣುವುದಿಲ್ಲ, ಮಾವ ಮಾತ್ರ ಕಾಣುತ್ತಾರೆ. ಅಲ್ಲಿ ಒಬ್ಬ ಗಿರಾಕಿ ಕೂತಿದ್ದರು. ಗಿರಾಕಿ ಕೂತಾಗ ನನ್ನ ಬಾಯಿ ತಾನಾಗಿ ಮಾತಾಡುತ್ತದೆ.

"ಗದ್ದ ಸ್ವಲ್ಪ ಮೇಲೆ" ಅಂದೆ.

ಗದ್ದ ಮೇಲಕ್ಕೆ ಹೋಯಿತು.

ಅಷ್ಟಾದರೂ ಬಾಯಿ ನಿಲ್ಲಲಿಲ್ಲ. "ಮುಖ ಸ್ವಲ್ಪ ಬಲಕ್ಕೆ."

ಮುಖ ನಿಧಾನವಾಗಿ ಬಲಕ್ಕೆ ತಿರುಗಿತು. ನನ್ನ ಸ್ಟುಡಿಯೋಗೆ ಬಂದ ಯಾರೂ ಅಷ್ಟು ಅಚ್ಚುಕಟ್ಟಾಗಿ ತಿರುಗಿದವರಲ್ಲ.

ಮೂರನೆಯದನ್ನು ನಾನು ಮನಸ್ಸಿನಲ್ಲೇ ಅಂದುಕೊಂಡೆ ಎಂದು ಬಹಳ ದಿನ ನಂಬಿದ್ದೆ. ಅದು ಸುಳ್ಳು. ಮಗ್ಗದ ಮನೆಯ ಗಂಟಲು ನನ್ನದು. ಮಗ್ಗ ನಿಂತಿದ್ದ ಆ ಬೀದಿಯಲ್ಲಿ ಎಂಟನೇ ಮನೆಗೆ ಕೇಳುವ ಹಾಗೆ ಹೇಳಿದೆ:

"ಸ್ವಲ್ಪ ನಗಿ ಯಜಮಾನ್ರೇ!"

ಆಮೇಲೆ ಕುರ್ಚಿಯ ಕಡೆಯಿಂದ, ವಿಜಯಪುರದ ಮಿಷನ್ ಸದ್ದಿನಲ್ಲಿ ಪಳಗಿದ ಗಂಟಲು ಅಷ್ಟೇ ಜೋರಾಗಿ ಕೂಗಿತು:

"ಅದು ನನ್ ಕೈಲಾಗಲ್ಲ ಗುರೂ!"

ಹೊರಗೆ ಬೀದಿಯಲ್ಲಿ ಕಾದು ನಿಂತಿದ್ದವರು ಕೇಳಿಸಿಕೊಂಡದ್ದು ಇದನ್ನೇ. ಕಥೆ ಹುಟ್ಟಿದ್ದು ಅಲ್ಲಿ. ಮಾತಾಡಿದ್ದು ಅಳಿಯ, ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಮೊದಲು ನಕ್ಕವರು ಯಜಮಾನರ ಹೆಂಡತಿ. ಅಳುತ್ತಿದ್ದವರ ಗಂಟಲಿನಿಂದ ಮೊದಲು ಒಂದು ಕೀರಲು ಸದ್ದು ಬಂತು, ಎಲ್ಲರೂ ದುಃಖವೆಂದುಕೊಂಡರು. ಆಮೇಲೆ ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಲುಕತೊಡಗಿದರು. ಚಿಕ್ಕ ಮಗಳು ನಕ್ಕಳು, ಸೀರೆ ಅಲ್ಲಾಡಿತು. ಪಕ್ಕದ ಮನೆಯವರು ಗೋಡೆ ಹಿಡಿದುಕೊಂಡರು. ಕೊನೆಗೆ ಸೀರೆಯ ಹಿಂದೆ ಅಳಿಯನಿಗೂ ತಡೆಯಲಾಗಲಿಲ್ಲ. ಅವರ ಕೈ ಕುಲುಕಿತು, ಕೈಯಲ್ಲಿದ್ದ ಮಾವನ ತಲೆಯೂ ಕುಲುಕಿತು, ತಾವೂ ಸೇರಿ ನಗುತ್ತಿರುವವರ ಹಾಗೆ. ಪೇಟ ಜಾರಿ ಮೂಗು, ಮೀಸೆ ದಾಟಿ ಗದ್ದದವರೆಗೆ ಇಳಿಯಿತು. ಆಗ ನನ್ನ ಬೆರಳು ಗುಂಡಿ ಒತ್ತಿತು. ನಾನು ಒತ್ತಿದೆ ಎನ್ನಲಾರೆ. ಬೆರಳು ಹೆದರಿತ್ತು.

ಬಾಗಿಲಿನಿಂದ ಯಜಮಾನರ ಅಣ್ಣ ಒಳಗೆ ಬಂದರು.

"ಏನ್ರೋ ಇದು! ಹೆಣದ ಮುಂದೆ ಹಲ್ಲು ಕಿರೀತೀರಾ? ಮಾನ ಮರ್ವಾದೆ ಐತಾ ನಿಮ್ಗೆ? ಎತ್ರೋ, ಟೈಮಾಯ್ತು! ಏಯ್ ಫೋಟೋದವ್ನೇ, ನಡಿಯಲಾ ಆಚೆಗೆ!"

ಹೊಸ್ತಿಲಿನಿಂದ ಕಾಲು ತೆಗೆಯುತ್ತ ಒಮ್ಮೆ ತಿರುಗಿದೆ. ಆಕೆ ನೆಲದ ಮೇಲೆ ಕೂತಿದ್ದರು. ಕೆನ್ನೆ ಒದ್ದೆ, ಸೆರಗು ಬಾಯಿಂದ ಜಾರಿದೆ, ಕಣ್ಣು ಕುರ್ಚಿಯ ಮೇಲೆ. ಗಂಡನನ್ನು ನೋಡಿಕೊಂಡು ನಗುತ್ತಿದ್ದರು. ಮೇಲಿನ ಬೆಳಕಿಂಡಿಯಿಂದ ಬಿಸಿಲು ಬಿದ್ದಿತ್ತು. ನಾನು ಏನೂ ಹೇಳದೆ ತೆಗೆದೆ. ಬಾಯಿ ಬಿಡದೆ ನಾನು ತೆಗೆದ ಮೊದಲನೇ ಫೋಟೋ ಅದು.

ರೀಲು ತೊಳೆಸಿ ಹನ್ನೊಂದನೇ ದಿನ ಎರಡು ಪ್ರಿಂಟು ತೆಗೆದುಕೊಂಡು ಹೋದೆ. ಹೋಗುವ ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದ್ದೆ. ಮುಖ ತೆಗೆದುಕೊಡುತ್ತೇನೆಂದು ಮಾತು ಕೊಟ್ಟು, ಪೇಟ ತೆಗೆದುಕೊಂಡು ಹೋಗುತ್ತಿದ್ದೆ. ಆಕೆ ಮೊದಲನೆಯದನ್ನು ಬೆಳಕಿಗೆ ಹಿಡಿದರು. ದೊಡ್ಡ ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಅಮ್ಮಾ, ಇದ್ರಲ್ಲಿ ಅಪ್ಪನ ಮುಖ ಎಲ್ಲೈತೆ?"

"ಪೇಟದ ಕೆಳಗೈತೆ ಕಣೆ. ಇನ್ನೆಲ್ಲಿಗೆ ಹೋಗುತ್ತೆ?"

"ಇದಕ್ಕೆ ಕಣ್ಣು ಎಲ್ಲಿ ಬರೆಸೋದು?"

"ಬರೆಸ್ಬೇಡ. ಇವ್ರು ಕೊಡೋ ಹಾಗಿದ್ರೆ ಬದುಕಿದ್ದಾಗ್ಲೇ ಕೊಡ್ತಿದ್ರು."

ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. ಆಕೆ ಕೇಳಿಸಿಕೊಳ್ಳಲಿಲ್ಲ. ಎರಡನೇ ಫೋಟೋ ನೋಡುತ್ತಿದ್ದರು.

"ಮಗ್ಗದ ಹತ್ರ ಇವ್ರು ಏನಾರ ತರಲೆ ಮಾತು ಹೇಳಿದ್ರೆ ನಾನು ಹಿಂಗೇ ನಗ್ತಿದ್ದೆ. ನೋಡು, ಇದ್ರಲ್ಲಿ ಇವ್ರು ಎದುರಿಗೇ ಅವ್ರೆ. ಕಾಣಲ್ಲ, ಅಷ್ಟೇ."

ಎರಡನ್ನೂ ಒಂದೇ ಕಟ್ಟಿನಲ್ಲಿ ಹಾಕಿಸಿ ಗೋಡೆಗೆ ಏರಿಸಿದರು. ಹೂವು ಇಡುವುದರಲ್ಲಿ ಒಂದು ತೊಡಕಾಯಿತು. ಹಾರ ಇಬ್ಬರಿಗೂ ಬೀಳುತ್ತಿತ್ತು. ಒಮ್ಮೆ ಹೊಸಕೋಟೆಯಿಂದ ಬಂದ ದೂರದ ನೆಂಟರು ಅದನ್ನು ಕಂಡು ಗೋಳೋ ಎಂದು ಅತ್ತರು. ಆಕೆಯೇ ಕಾಫಿ ತಂದುಕೊಟ್ಟು ಸಮಾಧಾನ ಮಾಡಬೇಕಾಯಿತು.

ಅವತ್ತಿನಿಂದ ನಾನು ದೊಡ್ಡ ಕಲಾವಿದನಾಗಲಿಲ್ಲ. ಆದರೆ ಆ ಮೂರು ವಾಕ್ಯ ನನ್ನ ಬಾಯಿಂದ ಹೊರಟುಹೋದವು. ಮೊದಲು ನಷ್ಟವೇ ಆಯಿತು. ಗಿರಾಕಿ ಕೂತು ಕಾಯುವರು, ನಾನು ಸುಮ್ಮನೆ ನಿಲ್ಲುವೆ. ಅನುಗೊಂಡನಹಳ್ಳಿಯ ಒಬ್ಬರು, "ಏನಪ್ಪಾ, ಕೆಟ್ಟಿರೋದು ಕ್ಯಾಮರಾನಾ, ನೀನಾ?" ಎಂದು ಕೇಳಿ ಎದ್ದುಹೋದರು. ನಿಧಾನಕ್ಕೆ ಒಂದು ಅರ್ಥವಾಯಿತು: ಜನ ನನ್ನನ್ನು ಮರೆತು ತಮ್ಮ ಪಾಡಿಗೆ ಒಬ್ಬರನ್ನೊಬ್ಬರು ನೋಡುವವರೆಗೆ ಕಾಯಬೇಕು. ಹಂಸದ ಪರದೆ ಸುತ್ತಿಟ್ಟೆ. ಮಗ್ಗದ ಶೆಡ್ಡುಗಳಿಗೆ ಹೋಗತೊಡಗಿದೆ. ನಾನು ಬಿಟ್ಟು ಬಂದಿದ್ದ ಅಪ್ಪನ ಶೆಡ್ಡಿನಲ್ಲಿ, ಕಡಿದ ಎಳೆಗೆ ಗಂಟು ಹಾಕುತ್ತಿದ್ದ ಅಪ್ಪನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆ ವರ್ಷವೇ.

ಆಕೆ ತೊಂಬತ್ತೊಂಬತ್ತರಲ್ಲಿ ಹೋದರು. ಕೊನೆಯ ಎರಡು ವರ್ಷ ಮರೆವು ಪೂರ್ತಿ ಹಿಡಿದಿತ್ತು, ಹೆಣ್ಣುಮಕ್ಕಳ ಗುರುತೂ ಸಿಗುತ್ತಿರಲಿಲ್ಲ. ಕೊನೆಯ ಸಲ ನಾನು ನೋಡಲು ಹೋದಾಗ ಗೋಡೆಯ ಕಟ್ಟು ತೋರಿಸಿ, "ಇವ್ರು ಯಾರಮ್ಮ?" ಎಂದು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಏಳು ವರ್ಷದಿಂದ ನನಗೆ ಅದೇ ಕೊರೆಯುತ್ತಿತ್ತು. ಆಕೆ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ನಮ್ಮನೆಯವ್ರು. ಮೂಗಿನ ಎಡಕ್ಕೆ ನರುಲಿ. ಬಲಗಡೆ ಹುಬ್ಬಿನ ಮೇಲೆ ಲಾಳಿ ಹೊಡೆದ ಗಾಯ. ಕಾಣಲ್ವಾ ನಿಂಗೆ?" ಅಂದರು. ಆ ಎರಡೂ ನಿಜ. ಆ ಕುರ್ಚಿಯ ಮುಂದೆ ನಿಂತಾಗ ನಾನು ಕಂಡಿದ್ದೆ.

ಅವತ್ತು ಪಡಸಾಲೆಯಲ್ಲಿದ್ದವರು, ಕುರ್ಚಿಯಲ್ಲಿದ್ದವರನ್ನು ಬಿಟ್ಟು, ಏಳು ಜನ. ಯಜಮಾನರ ಅಣ್ಣ ಈಗಿಲ್ಲ, ಪೇಟ ಕೊಟ್ಟ ಪಕ್ಕದ ಮನೆಯವರೂ ಇಲ್ಲ. ದೊಡ್ಡ ಮಗಳು ಇದ್ದಾರೆ, ಆದರೆ ಗದ್ದ ಮೇಲೆದ್ದಾಗ ಹೆದರಿ ಕಣ್ಣು ಮುಚ್ಚಿದವರು ಕೊನೆಯವರೆಗೂ ತೆರೆಯಲಿಲ್ಲವೆಂದು ಅವರೇ ಹೇಳುತ್ತಾರೆ. ವಿಜಯಪುರದ ಅಳಿಯ ಗಟ್ಟಿಮುಟ್ಟಾಗಿದ್ದಾರೆ. ಅವರು ಕಂಡದ್ದು ಹಸಿರು ಸೀರೆಯ ಒಳಮೈ ಮಾತ್ರ. ಕಣ್ಣಾರೆ ಕಂಡು ಈಗಲೂ ಉಳಿದಿರುವವರು ಇಬ್ಬರು: ಸೀರೆಯ ಎಡತುದಿ ಹಿಡಿದಿದ್ದ, ಅದೇ ಮನೆಯಲ್ಲಿರುವ ಚಿಕ್ಕ ಮಗಳು, ಮತ್ತು ನಾನು. ಹೆಣ ಮಾತಾಡಿತೆಂದು ಇನ್ನೂ ಅನ್ನುವವರು ಅವರನ್ನೇ ಹೋಗಿ ಕೇಳಲಿ.