ಕೆಂಪು ಗುರುತು, ಹಸಿರು ಗುರುತು

ನನಗೆ ಅರ್ಧ ಕಾರು ಇದೆ. ಹೀಗೆ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಯಾವ ಅರ್ಧ ಎಂದು ವಿಚಾರಿಸುತ್ತಾರೆ. ಎಂಜಿನ್ ಇರುವ ಅರ್ಧ ನಿಮ್ಮದಾದರೆ ಸ್ವಲ್ಪ ನಮ್ಮ ಮನೆಗೂ ತನ್ನಿ ಎಂದ ನೆಂಟರೂ ಇದ್ದಾರೆ. ಉಳಿದ ಅರ್ಧ ಬಂದರಿನಲ್ಲಿ ಹುರಿಹಗ್ಗದ ಅಂಗಡಿ ಇಟ್ಟಿರುವ ಹಸನಬ್ಬನವರದು. ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕುರ್ಚಿ ಸವೆಸುವ ನಾನು ಒಬ್ಬನೇ ಕಾರು ಕೊಳ್ಳುವ ಆಸಾಮಿಯಲ್ಲ. ಹಸನಬ್ಬರಿಗೆ ಕೊಳ್ಳುವ ಶಕ್ತಿ ಇತ್ತು, ಆದರೆ ವಾರವಿಡೀ ಕಾರಿನಲ್ಲಿ ತಿರುಗಿದರೆ ಅಂಗಡಿಯಲ್ಲಿ ಕೂರುವವರು ಯಾರು? ಹೀಗಾಗಿ ಊರು ಬಿಟ್ಟು ಹೊರಟಿದ್ದ ಒಬ್ಬ ಕಾಫಿ ತೋಟದ ದೊರೆ ಮಾರಿದ, ನಾಲ್ಕು ಸಿಲಿಂಡರಿನ ಕರಿ ಕಾರು ನಮ್ಮಿಬ್ಬರದಾಯಿತು.

ಶುಕ್ರವಾರ ಅವರದು, ಭಾನುವಾರ ನನ್ನದು. ಉಳಿದ ದಿನ ಕೊಡಿಯಾಲ್‌ಬೈಲಿನ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಕಾರಿಗೆ ರಜೆ; ತುರ್ತು ಬಂದರೆ ಯಾರಿಗೆ ಬಂತೋ ಅವರದು. ನಮ್ಮ ಪಾಲುದಾರಿಕೆಯ ಸಮಪಾಲು ಎಷ್ಟು ಕಟ್ಟುನಿಟ್ಟು ಎಂದರೆ ನಾಲ್ಕು ಪ್ಲಗ್ಗುಗಳಲ್ಲಿ ಎರಡನ್ನು ಅವರು ಉಜ್ಜುತ್ತಾರೆ, ಎರಡನ್ನು ನಾನು. ಮೂರನೆಯದನ್ನು ನಾನೇ ಉಜ್ಜಿಬಿಟ್ಟರೆ ಅವರ ಮುಖ ಸಣ್ಣದಾಗುತ್ತದೆ.

ಈ ಪ್ಲಗ್ಗುಗಳಿಗೆ ಕಿಡಿ ಹಂಚುವವನು ಡಿಸ್ಟ್ರಿಬ್ಯೂಟರ್. ಅವನನ್ನು ನೋಡಿದಾಗಲೆಲ್ಲ ನನಗೆ ಮದುವೆ ಊಟದ ಪಂಕ್ತಿಯಲ್ಲಿ ಸಾರಿನ ಕೊಳಗ ಹಿಡಿದವರು ನೆನಪಾಗುತ್ತಾರೆ. ಆದರೆ ಸಾರು ಬಡಿಸುವವರು ಸಾಲಿನಲ್ಲಿ ಬರುತ್ತಾರೆ. ಇವನು ಒಂದು ಆದ ಮೇಲೆ ಮೂರಕ್ಕೆ ಹಾರಿ, ನಾಲ್ಕಕ್ಕೆ ಹೋಗಿ, ಕೊನೆಗೆ ಎರಡಕ್ಕೆ ಬಡಿಸುತ್ತಾನೆ. ಎರಡನೆಯ ಎಲೆಯವನು ಎದ್ದು ಹೋಗುವುದಿಲ್ಲ ಎಂಬುದೇ ಎಂಜಿನ್ನಿನ ದೊಡ್ಡ ಗುಣ. ಇನ್ನೊಂದು ವಿಶೇಷವೆಂದರೆ ಕಿಡಿ ಸರಿಯಾದ ಹೊತ್ತಿಗೆ ಬಂದರೆ ಸಾಲದು, ಸ್ವಲ್ಪ ಮುಂಚೆ ಬರಬೇಕು. ಪಿಸ್ಟನ್ ಮೇಲಕ್ಕೆ ಬಂದು ಮುಟ್ಟುವ ಮೊದಲೇ ಕಿಡಿ ಹೊರಟಿರಬೇಕು, ಹತ್ತು ಗಂಟೆಯ ಆಫೀಸಿಗೆ ಒಂಬತ್ತೂವರೆಗೇ ಹೊರಡುವ ನನ್ನ ಹಾಗೆ. ಎಷ್ಟು ಮುಂಚೆ ಎಂಬುದನ್ನು ಡಿಸ್ಟ್ರಿಬ್ಯೂಟರನ್ನು ಕತ್ತಿನ ಬಳಿ ಕೊಂಚ ತಿರುಗಿಸಿ ಗೊತ್ತು ಮಾಡಬಹುದು.

ಈ ಸ್ವಾತಂತ್ರ್ಯವೇ ನಮ್ಮ ಕಷ್ಟಕ್ಕೆ ಮೂಲ. ಹಸನಬ್ಬ ಒಬ್ಬರೇ ಕುಳಿತು, ನೇತ್ರಾವತಿಗೆ ಹೊಸ ಸೇತುವೆ ಆದ ಮೇಲಂತೂ, ತೊಕ್ಕೊಟ್ಟಿನ ಸಮತಟ್ಟು ರಸ್ತೆಯಲ್ಲಿ ಬೀಸಿಕೊಂಡು ಹೋಗುವವರು. ಅವರಿಗೆ ಕಿಡಿ ಬೇಗ ಬರಬೇಕು. ನಾನು ಹೆಂಡತಿ ಲೀಲಾ, ಮಕ್ಕಳು, ಹಲಸಿನ ಹಣ್ಣು ಎಲ್ಲವನ್ನೂ ಹೇರಿಕೊಂಡು ಬಜಪೆಯ ಗುಡ್ಡ ಹತ್ತಿ ಮಾವನ ಮನೆಗೆ ಹೋಗುವವನು. ಡಿಸ್ಟ್ರಿಬ್ಯೂಟರನ್ನು ಅವರಿಗೆ ಬೇಕಾದ ಜಾಗದಲ್ಲೇ ಬಿಟ್ಟರೆ ಏರಿನಲ್ಲಿ ಎಂಜಿನ್ ಟಕಟಕ ಬಡಿದುಕೊಳ್ಳುತ್ತದೆ. ನನಗೆ ಕಿಡಿ ತುಸು ತಡವಾಗಬೇಕು. ಆದ್ದರಿಂದ ಡಿಸ್ಟ್ರಿಬ್ಯೂಟರಿನ ಕತ್ತಿನ ಮೇಲೆ ಅವರದೊಂದು ಹಸಿರು ಗುರುತು, ನನ್ನದೊಂದು ಕೆಂಪು ಗುರುತು. ಕಾರು ಕೈ ಬದಲಾಯಿಸುವಾಗ ಇಬ್ಬರೂ ಬಾನೆಟ್ ಎತ್ತಿ, ವೀಳ್ಯ ಹಾಕಿಕೊಂಡು, ತಿರುಗಿಸಿ, ಬಿಗಿದು ಕೊಡುವುದು ನಮ್ಮ ಪದ್ಧತಿ. ಇದು ಲೀಲಾಳಿಗೆ ಬಹಳ ತಮಾಷೆ. "ಇಬ್ಬರು ಅತ್ತೆಯರ ಸೊಸೆಯ ಹಾಗೆ ಆಯ್ತಲ್ಲ ಅದರ ಅವಸ್ಥೆ" ಎನ್ನುತ್ತಿದ್ದಳು.

ಕೆಲವು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಕಳೆದ ಮಳೆಗಾಲಕ್ಕೆ ಮುಂಚೆ ಕಾರು ಕೆಮ್ಮಲು ಹಿಡಿಯಿತು. ಒಂದು ಭಾನುವಾರ ಕೆಂಪು ಗುರುತಿನಲ್ಲೇ ಇಟ್ಟು ಹೊರಟರೂ ಗುಡ್ಡದ ನಡುವೆ ನಿಂತಿತು. ಮಕ್ಕಳು ಹಲಸಿನ ಹಣ್ಣನ್ನು ಹೊತ್ತು ನಡೆದರು. ಮುಂದಿನ ಶುಕ್ರವಾರ ಹಸಿರು ಗುರುತಿನಲ್ಲಿ, ಹಸನಬ್ಬರ ಕೈಯಲ್ಲಿ, ಕಾರು ಸೇತುವೆಯ ಮೇಲೆ ನಿಂತಿತು. ಅವರಿಗೆ ನಮಾಜು ತಪ್ಪಿತು. ಸಂಜೆ ಶೆಡ್ಡಿಗೆ ಬಂದರು.

"ಶೆಟ್ರೆ, ನನ್ನ ಗುರುತನ್ನು ಯಾರಾದರೂ ಒರೆಸಿ ಬೇರೆ ಹಾಕಿದ್ದಾ?"

"ನಾನು ಯಾಕೆ ಒರೆಸಲಿ ಮಾರಾಯ್ರೆ? ನನ್ನದೇ ಸರಿ ಕೂರ್ತಾ ಇಲ್ಲ. ನಿಮ್ಮ ಕೈ ಎಲ್ಲಿಯಾದರೂ..."

"ನನ್ನ ಕೈಗೆ ಬೇರೆ ಕೆಲಸ ಇಲ್ವಾ?"

ಅಷ್ಟೇ ಮಾತು. ಆದರೆ ಆ ದಿನ ಅವರು ವೀಳ್ಯದ ಪೆಟ್ಟಿಗೆ ತೆರೆಯಲಿಲ್ಲ. ಮುಂದಿನ ವಾರ ಗುರುತುಗಳನ್ನು ನೋಡುವಾಗ ಇಬ್ಬರೂ ಕನ್ನಡಕ ಹಾಕಿಕೊಂಡು ನೋಡಿದೆವು. ಪಾಲುದಾರರು ಕನ್ನಡಕ ಹಾಕಿಕೊಳ್ಳತೊಡಗಿದರೆ ಪಾಲುದಾರಿಕೆಗೆ ವಯಸ್ಸಾಯಿತು ಎಂದು ಅರ್ಥ. ಅದಾದ ಮೇಲೆ ಅವರು ಮೆಲ್ಲನೆ ವಿಷಯ ತೆಗೆದರು. ತೊಕ್ಕೊಟ್ಟಿನಲ್ಲಿರುವ ಅವರ ಹೆಂಡತಿಯ ಅಣ್ಣ ಮೊಯ್ದು ಕಾರನ್ನು ಕೇಳುತ್ತಿದ್ದಾರೆ. ಬರುವ ಭಾನುವಾರ ಬಂದು ಒಯ್ಯುತ್ತಾರಂತೆ.

"ಅವರಿಗೆ ಕಾರು ಎಂತಕ್ಕೆ?"

"ಹಿಂದಿನ ಭಾಗ ಕೊಯ್ದು ಹಲಗೆ ಹಾಕ್ತಾರಂತೆ. ಮೀನಿನ ಬುಟ್ಟಿ ಇಡ್ಲಿಕ್ಕೆ."

ನನ್ನ ಅರ್ಧ ಯಾವುದು ಎಂದು ನೆಂಟರು ಕೇಳಿದಾಗ ನಕ್ಕಿದ್ದ ನಾನು ಆ ದಿನ ನಗಲಿಲ್ಲ. ಕಾರು ಹೋದರೆ ಬಜಪೆಗೆ ಬಸ್ಸು ಉಂಟು, ತೊಕ್ಕೊಟ್ಟಿಗೂ ಉಂಟು. ಆದರೆ ಹಗ್ಗದ ವ್ಯಾಪಾರಿಗೂ ಹಂಚಿನ ಗುಮಾಸ್ತನಿಗೂ ವಾರಕ್ಕೆರಡು ಸಲ ಒಂದೇ ಬಾನೆಟ್ಟಿನ ಕೆಳಗೆ ತಲೆ ಹಾಕಲು ಬೇರೆ ಯಾವ ನೆವ ಇದೆ? ಒಂದು ವಾರ ನನಗೆ ಬಿಡಿ ಎಂದೆ. ರಿಪೇರಿಯಲ್ಲಿ ನನಗಿರುವುದು ವಿದ್ಯೆಯಲ್ಲ, ತಾಳ್ಮೆ. ತಾಳ್ಮೆಯ ವಿಷಯದಲ್ಲಿ ನಾನು ಯಾರಿಗೂ ಬಗ್ಗುವವನಲ್ಲ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ದಂಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಅಲ್ಲಾಡಿಸಿದೆ. ಅಲ್ಲಾಡಿತು. ನಮ್ಮ ಅಡುಗೆಮನೆಯ ಬೀಸುವ ಕಲ್ಲಿನ ಗೂಟ ಹೇಗೆ ಅಲ್ಲಾಡುತ್ತದೋ ಹಾಗೆ. ಹಸನಬ್ಬರನ್ನು ಕರೆಸಿದೆ. ಇಬ್ಬರೂ ಸೇರಿ ಇಡೀ ಡಿಸ್ಟ್ರಿಬ್ಯೂಟರನ್ನು ಹೊರಗೆಳೆದೆವು. ದಂಡದ ಕೆಳತುದಿಯಲ್ಲಿ ಒಂದು ಚಪ್ಪಟೆ ನಾಲಗೆ ಇರುತ್ತದೆ. ಅದು ಎಂಜಿನ್ನಿನೊಳಗಿನ ಒಂದು ಸೀಳಿನಲ್ಲಿ ಕೂತು ತಿರುಗುತ್ತದೆ. ಆ ನಾಲಗೆ ಎರಡೂ ಬದಿ ತಿಂದುಹೋಗಿ, ನೆಕ್ಕಿ ಉಳಿದ ಬೆಲ್ಲದ ಚೂರಿನ ಹಾಗೆ ಕಾಣುತ್ತಿತ್ತು. ದಂಡವನ್ನು ಬಳೆಯ ಹಾಗೆ ಹಿಡಿದಿರುವ ಬುಷ್ ಕೂಡ ಸವೆದಿತ್ತು. ಅಂದರೆ ಕಿಡಿ ತನಗೆ ಬೇಕಾದಾಗ ಮುಂಚೆ, ಬೇಕಾದಾಗ ತಡ. ಗುರುತನ್ನು ಯಾರೂ ಒರೆಸಿರಲಿಲ್ಲ. ಗುರುತಿಗೆ ಅರ್ಥ ಇರಲಿಲ್ಲ ಅಷ್ಟೆ.

"ನೋಡಿದ್ರಾ?" ಎಂದೆ.

ಹಸನಬ್ಬ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಒಂದು ಬದಿ ಜಾಸ್ತಿ ಸವೆದಿದೆ. ಅದು ಯಾರ ಬದಿ?"

ಹೊಸ ನಾಲಗೆ ಬೊಂಬಾಯಿಯಲ್ಲೂ ಸಿಗದು ಎಂದು ತಿಳಿದ ಮೇಲೆ ಪಕ್ಕದ ರಸ್ತೆಯಲ್ಲಿ ಲೇತ್ ಇಟ್ಟಿರುವ ಗ್ರೆಗರಿಯ ಬಳಿಗೆ ಹೋದೆವು. ಹೊಸ ಬುಷ್ ಕಡೆದು ಕೊಡುವುದು, ಹಳೆಯ ನಾಲಗೆಯ ಮೇಲೆ ಹಿತ್ತಾಳೆ ಬೆಸುಗೆ ತುಂಬಿಸಿ ಅರದಿಂದ ಉಜ್ಜುವುದು ಎಂದು ತೀರ್ಮಾನವಾಯಿತು. ಅಲ್ಲೇ ನಾವು ಎಡವಿದ್ದು. ಉಳಿದಿದ್ದ ನಾಲಗೆ ದಂಡದ ನಡುಮಧ್ಯದಲ್ಲಿ ಇರಲಿಲ್ಲ, ಕೂದಲೆಳೆಯಷ್ಟು ಒಂದು ಬದಿಗೆ ಸರಿದಿತ್ತು. ಸವೆದು ಹಾಗಾಯಿತು ಎಂದು ನಾನು, ಹೌದು ಎಂದು ಅವರು. ನಮಗೆ ಅಷ್ಟು ಬೇಗ ಒಮ್ಮತ ಬಂದಾಗಲೇ ಸಂಶಯಪಡಬೇಕಿತ್ತು. ಪ್ಲಗ್ಗುಗಳನ್ನೂ ಎರಡೆರಡಾಗಿ ಹಂಚಿಕೊಳ್ಳುವವರಿಗೆ ಓರೆಯಾದದ್ದೆಲ್ಲ ಕೆಟ್ಟುಹೋದದ್ದೇ.

"ಸರೀ ಮಧ್ಯಕ್ಕೆ ಬರ್ಬೇಕು, ಗ್ರೆಗರಿ" ಎಂದು ಹಸನಬ್ಬ ಅಂಗಿಯ ಜೇಬಿನಿಂದ ತೆಂಗಿನ ನಾರಿನ ಒಂದು ಎಳೆ ತೆಗೆದರು. ಅದನ್ನು ದಂಡದ ಅಗಲಕ್ಕೆ ಹಿಡಿದು, ಮಡಚಿ, ಅರ್ಧ ಮಾಡಿ ತೋರಿಸಿದರು. ಹಗ್ಗದ ಅಂಗಡಿಯಲ್ಲಿ ಅವರು ಅಳೆಯುವುದೇ ಹಾಗೆ, ಅಡಿಕೋಲನ್ನು ನಂಬುವುದಿಲ್ಲ.

ಗ್ರೆಗರಿ ಹೇಳಿದಂತೆಯೇ ಮಾಡಿಕೊಟ್ಟ. ನಾಲಗೆ ಹೊಸ ಹಿತ್ತಾಳೆಯಲ್ಲಿ ಹೊಳೆಯುತ್ತ, ಎರಡೂ ಬದಿ ಸಮ ಬಿಟ್ಟು, ನೋಡುವುದಕ್ಕೆ ಒಡವೆಯ ಹಾಗಿತ್ತು. ಶನಿವಾರ ಸಂಜೆ ಅದನ್ನು ಎಂಜಿನ್ನಿಗೆ ಇಳಿಸಿದೆವು. ಇಳಿಯಲಿಲ್ಲ. ತಿರುಗಿಸಿ ಇಳಿಸಿದೆವು. ಇಳಿಯಲಿಲ್ಲ. ಹಸನಬ್ಬ ಬಿಸ್ಮಿಲ್ಲಾ ಎಂದು ಒತ್ತಿದರು, ನಾನು ಕದ್ರಿಯ ದೇವರನ್ನು ನೆನೆದು ಒತ್ತಿದೆ. ಕೊನೆಗೆ ಟಾರ್ಚ್ ಹಾಕಿ ಒಳಗೆ ನೋಡಿದರೆ ಎಂಜಿನ್ನಿನ ಸೀಳು ನಮ್ಮನ್ನು ಓರೆಯಾಗಿ ನೋಡುತ್ತಿತ್ತು. ಅದೂ ಮಧ್ಯದಲ್ಲಿರಲಿಲ್ಲ.

"ಶೆಟ್ರೆ" ಎಂದು ಹಸನಬ್ಬ ಸ್ವರ ತಗ್ಗಿಸಿದರು, "ಇದು ಮೊದಲೇ ಹೀಗೆ ಉಂಟು."

ಹೌದು, ಮೊದಲೇ ಹಾಗಿತ್ತು. ಕಾರು ಮಾಡಿದವರು ಬೇಕೆಂದೇ ನಾಲಗೆಯನ್ನು ಒಂದು ಬದಿಗೆ ಸರಿಸಿದ್ದಾರೆ. ನಡುಮಧ್ಯದಲ್ಲಿದ್ದರೆ ಅದು ತಿರುಗುಮುರುಗಾಗಿಯೂ ಕೂತುಬಿಡುತ್ತದೆ. ಆಗ ಒಂದಕ್ಕೆ ಹೋಗಬೇಕಾದ ಕಿಡಿ ನಾಲ್ಕಕ್ಕೆ ಹೋಗುತ್ತದೆ. ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆ ಇರುವುದರಿಂದಲೇ ಅದಕ್ಕೆ ಕೂರುವ ದಾರಿ ಒಂದೇ. ನಾವು ಕೊರತೆ ಎಂದು ತುಂಬಿಸಿದ್ದೇ ಅದರ ಬುದ್ಧಿ.

ಭಾನುವಾರ ಬೆಳಿಗ್ಗೆ ಇಗರ್ಜಿಯಿಂದ ಬಂದ ಗ್ರೆಗರಿ, ಪೂಜೆಯ ಅಂಗಿಯಲ್ಲೇ ಲೇತಿನ ಬಾಗಿಲು ತೆಗೆದ. "ನಿಮ್ಮದು ಸಮಪಾಲು, ಅಲ್ವಾ? ಪಾಪ, ಕಾರಿಗೆ ಯಾರೂ ಹೇಳ್ಲಿಲ್ಲ" ಎಂದ. ಹಸನಬ್ಬ ನಾರಿನ ಎಳೆಯನ್ನು ಜೇಬಿಗೆ ಹಾಕಿಕೊಂಡರು. ಈ ಸಲ ಸೀಳಿನ ಅಳತೆ ತೆಗೆದುಕೊಂಡು ಹೋಗಿದ್ದೆವು. ನಾಲಗೆಯನ್ನು ಒಂದು ಬದಿ ಉಜ್ಜಿ, ಇನ್ನೊಂದು ಬದಿ ತುಂಬಿ, ಅದರ ಓರೆಯನ್ನು ಅದಕ್ಕೆ ಮರಳಿ ಕೊಡಿಸಿದೆವು. ತಂದು ಇಳಿಸಿದಾಗ ಕಟಕ್ಕನೆ ಕೂತಿತು. ಅಂಥ ಸದ್ದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಕಾರಿನ ಮೂತಿಗೆ ಸಿಕ್ಕಿಸಿ ಚಾಲು ಮಾಡುವ ಹ್ಯಾಂಡಲನ್ನು ಎರಡನೆಯ ಸಲ ಹೊಡೆಯಬೇಕಾಗಲಿಲ್ಲ. ಲೀಲಾ ಅಡುಗೆಮನೆಯ ಕಿಟಕಿಯಿಂದ, "ಕೆಮ್ಮು ಹೋಯ್ತಾ?" ಎಂದು ಕೇಳಿದಳು. ಎಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರನ್ನು ಆಚೆ ಈಚೆ ತಿರುಗಿಸಿ, ಗುಡ್ಡದ ಏರಿಗೊಮ್ಮೆ ಹತ್ತಿಸಿ ಇಳಿಸಿ ಬಂದೆವು. ಬಡಿತವಿಲ್ಲ, ನಿಲ್ಲುವುದೂ ಇಲ್ಲ. ಒಂದೇ ಜಾಗ ಇಬ್ಬರಿಗೂ ಸಾಕಾಯಿತು. ನಮ್ಮ ಎರಡು ಗುರುತುಗಳೂ ಆ ಸಡಿಲಿನ ಮಕ್ಕಳು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎರಡನ್ನೂ ಒರೆಸಿದೆವು. ಹಸನಬ್ಬ ವೀಳ್ಯದ ಪೆಟ್ಟಿಗೆ ತೆರೆದು, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಹೊಸ ಗುರುತು ಹಾಕಿ, ಉಳಿದ ಸುಣ್ಣವನ್ನು ಎಲೆಗೆ ಸವರಿ ನನಗೆ ಕೊಟ್ಟರು. ಸುಣ್ಣದ ಗುರುತು ಹಳೆಯ ಹಸಿರಿಗೇ ಹತ್ತಿರವಿತ್ತು. ನನಗೆ ಕಂಡಿತು. ಎಲೆ ಅಗಿಯುತ್ತ ಇದ್ದೆ.

ಮೊಯ್ದು ಬಂದದ್ದು ಆಗ, ಬಸ್ಸಿಳಿದು, ಕಾರು ಒಯ್ಯುವ ಉತ್ಸಾಹದಲ್ಲಿ. ಗರಗಸವೊಂದು ಬಿಟ್ಟು ಎಲ್ಲ ತಯಾರಿ ಅವರ ಕಣ್ಣಲ್ಲಿತ್ತು. ಹಸನಬ್ಬ ನನ್ನ ಮುಖ ನೋಡಿದರು, ನಾನು ಅವರದು. ಆಮೇಲೆ ಅವರು ಹಿಂದಿನ ಬಾಗಿಲು ತೆಗೆದು ಹಿಡಿದರು.

"ಕೂತ್ಕೊಳ್ಳಿ ಭಾವ. ಮನೆಗೆ ಬಿಟ್ಟು ಬರ್ತೇವೆ."

"ಬಿಟ್ಟು ಬರುವುದಾ? ಕಾರು?"

"ಕಾರೂ ನಮ್ಮ ಜೊತೆ ವಾಪಸ್ ಬರ್ತದೆ."

ಮೊಯ್ದು ಒಳ್ಳೆಯ ಮನುಷ್ಯ. ಕೊಯ್ಯಬೇಕೆಂದಿದ್ದ ಸೀಟಿನ ಮೇಲೆಯೇ ಕುಳಿತು, ಅದರ ಮೆತ್ತೆಯನ್ನು ಒತ್ತಿ ನೋಡಿ, ಆರಾಮ ಉಂಟು ಎಂದರು. ಭಾನುವಾರ ನನ್ನ ದಿನ, ಆದರೆ ಸ್ಟಿಯರಿಂಗ್ ಹಿಡಿದದ್ದು ಹಸನಬ್ಬ. ನೇತ್ರಾವತಿಯ ಸೇತುವೆಯ ಮೇಲೆ, ಆ ಶುಕ್ರವಾರ ನಿಂತಿದ್ದ ಜಾಗ ದಾಟುವಾಗ ಅವರು ಬೇಕೆಂದೇ ಹಾರ್ನ್ ಹೊಡೆದರು. ಸಮಪಾಲಿನ ಪ್ರಕಾರ, ಹೋಗುವಾಗ ಅವರು ಕಾರು ಬಿಟ್ಟದ್ದರಿಂದ ಬರುವಾಗ ನಾನೇ ಬಿಡಬೇಕಿತ್ತು. ತೊಕ್ಕೊಟ್ಟಿನಲ್ಲಿ ಚಹಾ ಕುಡಿದು ಹೊರಗೆ ಬಂದಾಗ ಹಸನಬ್ಬ ಆಗಲೇ ಸ್ಟಿಯರಿಂಗಿನ ಹಿಂದೆ ಕೂತು, ನನಗಾಗಿ ಪಕ್ಕದ ಬಾಗಿಲು ತೆಗೆದಿದ್ದರು.

ಹತ್ತಿ ಕುಳಿತೆ. ಕಟಕ್ಕನೆ ಬಾಗಿಲು ಕೂತಿತು.