‘ಕನಪಡಲೇದು’ ಎನ್ನುತ್ತಿದ್ದ ಡಾಕ್ಟರಮ್ಮ

ಸುಭದ್ರಮ್ಮನವರು ಮನುಷ್ಯರೊಡನೆ ಮಾತನಾಡುವಾಗಲೂ ಎಡಗಣ್ಣನ್ನು ಅರ್ಧ ಮುಚ್ಚುತ್ತಿದ್ದರು. ನಲವತ್ತು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಅಭ್ಯಾಸ. ವಿಜಯವಾಡದಲ್ಲಿ ಪ್ಯಾಥಾಲಜಿಸ್ಟ್. ರೋಗಿಗಳನ್ನು ನೋಡುವ ಕೆಲಸವೇ ಅಲ್ಲ. ಆದರೂ ಯಾರ ಸ್ಲೈಡೋ ಅವರೇ ತರಬೇಕು, ಮುಖ ತೋರಿಸಬೇಕು ಎಂಬ ಹಟ.

ನಾನು ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಎಂವಿಪಿ ಕಾಲೋನಿಯಲ್ಲಿ ಮನೆ ಹೂಡಿದ ವರ್ಷವೇ ವೃಷಣದಲ್ಲಿ ಕ್ಯಾನ್ಸರ್ ಕಾಣಿಸಿತು. ಮೊದಲ ಹಂತ. ಒಂದನ್ನು ತೆಗೆದರು, ಇನ್ನೊಂದರ ಜೊತೆಗೆ ಒಂದು ಪ್ರಶ್ನೆಯೂ ಉಳಿಯಿತು: ಮತ್ತೆ ಬರುತ್ತದೆಯೇ? ಬರುವ ಲಕ್ಷಣವಿದ್ದರೆ ಈಗಲೇ ಕೀಮೋ, ಇಲ್ಲದಿದ್ದರೆ ಬರೀ ತಪಾಸಣೆ. ನನ್ನದೇ ಮಾಂಸದ ಸ್ಲೈಡುಗಳನ್ನೂ ಮೇಣದಲ್ಲಿ ಹುದುಗಿಸಿಟ್ಟ ತುಣುಕನ್ನೂ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ವಿಜಯವಾಡದ ರೈಲು ಹತ್ತಿದೆ.

ಬಳ್ಳಾರಿಯಲ್ಲಿ ಓದಿದ್ದ ಸುಭದ್ರಮ್ಮನವರಿಗೆ ಕನ್ನಡ ಮಾತಾಡುವ ಉಮೇದು. ಎರಡು ತಾಸು ಕಾಯಿಸಿ, “ಬಾಬೂ, ನಿನ್ನ ಗಡ್ಡ ಪೂರ್ತಿ ನೋಡ್ದೆ” ಎಂದರು. ನಾನು ಗಾಬರಿಯಿಂದ ಗಲ್ಲ ಮುಟ್ಟಿಕೊಂಡೆ. ತೆಲುಗಿನ ಗಡ್ಡವೆಂದರೆ ನಮ್ಮ ಗಡ್ಡೆ ಎಂದು ಗೊತ್ತಾದಾಗ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಗಡ್ಡೆಯ ಕೋಶಗಳು ರಕ್ತನಾಳಕ್ಕೆ ನುಗ್ಗಿದ್ದರೆ ಕಾಯಿಲೆ ಮರುಕಳಿಸುವ ಭಯ ಹೆಚ್ಚು ಎಂದು ವಿವರಿಸಿದರು.

“ನಂದ್ರಾಗ ನುಗ್ಗಿಲ್ಲ ಅಲ್ರೀ?”

“ಕನಪಡಲೇದು.” ಕಾಣಿಸಲಿಲ್ಲ.

ಇಲ್ಲ ಎಂದೇ ಹೇಳಿಬಿಡಿ ಎಂದು ಅಂಗಲಾಚಿದೆ.

“ಲೇದು ಅನ್ನೋಕೆ ನಾನೇನು ದೇವರಾ ಬಾಬೂ? ನೋಡಿದ್ದು ಈ ಗಾಜು ಮಾತ್ರ. ಕನಪಡಲೇದು, ಅಷ್ಟೇ.”

ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಒಳಗೇ ಕುದಿದೆ. ಆದರೂ ಅವರ ವರದಿಯನ್ನೇ ನಂಬಿ, ವೈದ್ಯರೂ ನಾನೂ ಕೀಮೋ ಬೇಡವೆಂದು ತೀರ್ಮಾನಿಸಿದೆವು.

ಹದಿನಾಲ್ಕನೆಯ ತಿಂಗಳ ಸ್ಕ್ಯಾನಿನಲ್ಲಿ ಅದು ಹೊಟ್ಟೆಯೊಳಗೆ ಮರಳಿ ಬಂದಿತ್ತು.

ವಿಶಾಖಪಟ್ಟಣದ ಕೀಮೋ ವಾರ್ಡಿಗೆ ಸುಭದ್ರಮ್ಮನವರು ಊದಿದ ಮಂಡಿಯಲ್ಲೇ ಬಂದರು. ಸುದ್ದಿ ತಿಳಿದ ಮೇಲೆ ಮೇಣದ ತುಣುಕನ್ನು ಮುಗಿಯುವ ತನಕ ಕೊಯ್ದು, ಒಂದೊಂದೇ ಪದರ ನೋಡಿದ್ದರಂತೆ.

“ಈಗ್ಲೂ ಕಾಣಲಿಲ್ಲ ಬಾಬೂ. ಬರಲ್ಲ ಅಂತ ನಾನು ಹೇಳಿರಲಿಲ್ಲ. ಬರಬಾರದು ಅಂತ ಮಾತ್ರ ತುಂಬಾ ಅನ್ಕೊಂಡಿದ್ದೆ.” ಕೂದಲುದುರಿದ ನನ್ನ ತಲೆ ಸವರಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಮಗುವಿನಂತೆ ಅತ್ತುಬಿಟ್ಟೆ.

ಅವರು ಹೊರಡಲು ಎದ್ದಾಗ ಕೇಳಿದೆ: “ಇದಾದ ಮ್ಯಾಲೆ ಮತ್ತ ಬರ್ತದೇನ್ರೀ ಅಮ್ಮಾ?”

ಅವರು ಎಡಗಣ್ಣನ್ನೂ ಪೂರ್ತಿ ತೆರೆದು ನನ್ನ ಮುಖ ನೋಡಿದರು.

“ರಾದು,” ಎಂದರು. ಬರುವುದಿಲ್ಲ.

ಮರುವರ್ಷ ಅವರು ತೀರಿಕೊಂಡರು. ನನಗೆ ಕಾಯಿಲೆ ಮತ್ತೆ ಬಂದಿಲ್ಲ. ಯಾವ ಸ್ಲೈಡನ್ನೂ ನೋಡದೆ ಅವರು ನನಗೆ ಹೇಳಿದ ಮಾತು ಅದೊಂದೇ.