ಮುಂಬೈ ಗೇಟಿನಲ್ಲಿ ಅಕ್ಕನ ಬುತ್ತಿಗಂಟು

ಮೈಕು ಹಿಡಿದು ಕೂಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಯಾಕೆಂದರೆ ನಾನೂ ಅದೇ ಕಸುಬಿನವನು. ಕುಷ್ಟಗಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಯಲ್ಲಿ ಕೂತು, ಇಳಕಲ್ ಬಸ್ಸು ಎಲ್ಲಿ ನಿಂತಿದೆ, ಕೊಪ್ಪಳದ ಬಸ್ಸು ಯಾವಾಗ ಬಿಡುತ್ತದೆ ಎಂದು ನೌಕರಿಯುದ್ದಕ್ಕೂ ಕೂಗಿದವನು. ನನ್ನ ಕೂಗಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕಾಗಿಯೂ ಇರಲಿಲ್ಲ, ಕೇಳಿದವರು ಬಸ್ಸು ಹತ್ತಿ ಊರು ಸೇರುತ್ತಿದ್ದರು. ಹೀಗಿರುವಾಗ, ಪರದೇಶದವರು ಯಾರೋ ಮೈಕಿನ ಮುಂದೆ ಅರಚುವುದನ್ನು ಕೇಳಲಿಕ್ಕೆ ಮುಂಬೈಗೆ ಹೋಗೋಣ ಬಾ ಎಂದು ಭಾವ ಫೋನು ಮಾಡಿದಾಗ ನನಗೆ ನಗು ಬಂತು. ಅದು ಅವನಿಗೆ ಕೇಳಿಸಲಿಲ್ಲ. ತನ್ನ ದನಿ ಬಿಟ್ಟರೆ ಭಾವನಿಗೆ ಬೇರೆ ಏನೂ ಕೇಳಿಸುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ, ಗಂಗಾವತಿಯಲ್ಲಿ ಭತ್ತದ ವ್ಯಾಪಾರಿ. ಅವರಿಗೆ ಒಬ್ಬಳೇ ಮಗಳು. ಫಾರ್ಮಸಿ ಓದಿ ಗಂಗಾವತಿಯಲ್ಲೇ ಮೆಡಿಕಲ್ ಅಂಗಡಿ ಇಟ್ಟಿದ್ದಾಳೆ. ಆಕೆಗೆ ಯಲಬುರ್ಗಾದ ಮನೆತನವೊಂದರಿಂದ ಸಂಬಂಧ ಬಂದಿತ್ತು. ಹುಡುಗ ಕೊಪ್ಪಳದಲ್ಲಿ ಸರ್ಕಾರಿ ಎಂಜಿನಿಯರ್. ಅವರು ಬಂದು ನೋಡಿದ್ದರು, ಒಪ್ಪಿದ್ದರು, ನಿಶ್ಚಯವೊಂದು ಬಾಕಿ. ಹುಡುಗಿ ಮಾತ್ರ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. "ಇನ್ನೊಂದೀಟು ನೋಡ್ತೀನಿ" ಎಂದಷ್ಟೇ ಹೇಳಿದ್ದಳು. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡಿದ ಹಾಗೆ ಹುಡುಗಿಯರು ಗಂಡನ್ನು ನೋಡಬಾರದು ಎಂಬುದು ಭಾವನ ಸಿದ್ಧಾಂತ. ಹುಡುಗನ ಕಡೆಯವರು ಬಂದು ಅದೇ ರೀತಿ ಇವಳನ್ನು ನೋಡಿ ಹೋದದ್ದು ಅವನ ಲೆಕ್ಕಕ್ಕೆ ಬರಲಿಲ್ಲ.

ಮಾತಿಗೆ ಮಾತು ಬಂದು, ಹುಡುಗ ಹುಡುಗಿ ಇಬ್ಬರಿಗೂ ಒಂದೇ ರಾಕ್ ಬ್ಯಾಂಡಿನ ಹುಚ್ಚು ಎಂದು ಗೊತ್ತಾಯಿತು. ಲೋಕಪ್ರಸಿದ್ಧ ತಂಡವಂತೆ. ದೇಶದೇಶ ಸುತ್ತುತ್ತ ಮುಂಬೈಗೂ ಬರುತ್ತದಂತೆ. ಅಕ್ಕನ ಮಗಳೆಂದರೆ ನಮ್ಮ ಕಡೆ ಸೊಸೆ. ನನ್ನ ಈ ಸೊಸೆ ಕೊಪ್ಪಳದ ಹಾಸ್ಟೆಲಿನಲ್ಲಿದ್ದಾಗಿನಿಂದ ಕಿವಿಗೆ ವಾಯರು ಸಿಕ್ಕಿಸಿಕೊಂಡು ಅವರದೇ ಹಾಡು ಕೇಳುತ್ತ ಬೆಳೆದವಳು. ಒಂದು ಸಲ ಅವರನ್ನು ಎದುರಿಗೆ ನೋಡಬೇಕು ಎಂಬ ಆಸೆ ಬಿಟ್ಟರೆ ಆ ಹುಡುಗಿ ತಂದೆಯ ಹತ್ತಿರ ಏನನ್ನೂ ಬೇಡಿದ್ದು ನಾನು ಕಾಣೆ. ಭಾವನಿಗೆ ಇದು ಹಬ್ಬವಾಯಿತು. ಎರಡೂ ಮನೆಯವರನ್ನು ಕೂಡಿಸಿ ಮುಂಬೈಗೆ ಕರೆದೊಯ್ದರೆ, ದಾರಿಯಲ್ಲಿ ಸಲಿಗೆ ಬೆಳೆದು, ವಾಪಸು ಬರುವಷ್ಟರಲ್ಲಿ ಮಗಳು ಹೂಂ ಅನ್ನುತ್ತಾಳೆ. ಟಿಕೀಟು ಕೈಗೆ ಸಿಕ್ಕ ದಿನವೇ ಹಿಟ್ನಾಳದಿಂದ ಅಳವಂಡಿಯವರೆಗಿನ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದ. ಫೋನಿನ ಸ್ಟೇಟಸ್ಸಿನಲ್ಲಿ ಗಿಟಾರು, ಬೆಂಕಿ, ನಡುವೆ ತನ್ನ ಫೋಟೋ. ಆ ತಂಡದ ಒಂದು ಹಾಡನ್ನೂ ಆತ ಕೇಳಿರಲಿಲ್ಲ.

ನಾನು ಬರುವುದಿಲ್ಲ ಎಂದೆ. ಅಕ್ಕ ಫೋನು ಕಸಿದುಕೊಂಡಳು.

"ನಿಶ್ಚಯ ಆಗದ ಹುಡುಗಿನ್ನ ಬೀಗರ ಸಂಗಡ ಕರ್ಕೊಂಡು ಹೊಂಟೀವಿ. ಸ್ವಾದರಮಾವ ಇಲ್ದ ಹ್ಯಾಂಗ ಹೋಗೂದೋ ತಮ್ಮಾ?"

ಚೀಲಕ್ಕೆ ಎರಡು ಅಂಗಿ ತುರುಕಿಕೊಂಡೆ. ಟೆಂಪೋ ಟ್ರಾವೆಲರ್ ಗಂಗಾವತಿಯಿಂದ ಬಂದು ಕುಷ್ಟಗಿಯಲ್ಲಿ ನನ್ನನ್ನು ಹತ್ತಿಸಿಕೊಂಡಿತು. ಹುಡುಗ ಮತ್ತು ಅವನ ತಂದೆತಾಯಿ ಅಲ್ಲೇ ಹತ್ತಿದರು. ಹುಡುಗ ಕರಿ ಅಂಗಿ ಹಾಕಿದ್ದ. ಎದೆಯ ಮೇಲೆ ತಲೆಬುರುಡೆ, ಬೆನ್ನ ಮೇಲೆ ಆ ತಂಡ ಹೋಗುವ ಊರುಗಳ ಸಾಲು ಸಾಲು ಹೆಸರು. ಬಸ್ಸಿನ ಬೋರ್ಡನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ತಾವರಗೇರಾ ಬಸ್ಸೂ ದಿನಾ ಅಷ್ಟೇ ಊರು ಮುಟ್ಟುತ್ತದೆ, ಅದಕ್ಕೆ ಯಾರೂ ಅಂಗಿ ಹೊಲಿಸಿಲ್ಲ.

ಹೆಣ್ಣಿನ ಕಡೆಯವರು ಬೀಗರಾಗುವವರನ್ನು ಕರೆದುಕೊಂಡು ಹೊರಟರೆ ಬುತ್ತಿಯ ಹೊಣೆ ಹೆಣ್ಣಿನ ತಾಯಿಯದು. ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹೋಟೆಲಿನಲ್ಲಿ ಉಣಿಸಿದರೆ ಬೀಗತಿ ಊರಿಗೆ ಹೋಗಿ ಆಡಿಕೊಳ್ಳುತ್ತಾಳೆ. ಅಕ್ಕ ಓಣಿಯ ಹೆಂಗಸರನ್ನು ಕರೆದು ರೊಟ್ಟಿ ತಟ್ಟಿಸಿದ್ದಳು. ಸಜ್ಜಿ ರೊಟ್ಟಿ, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಶೇಂಗಾ ಹೋಳಿಗಿ. ವಿಜಯಪುರ ದಾಟಿ ಒಂದು ಊಟ, ಪುಣೆಯ ಮುಂಚೆ ಇನ್ನೊಂದು. ಹುಡುಗ ಹೋಳಿಗಿಯನ್ನು ಬೇಡಿ ಬೇಡಿ ತಿಂದ, "ಅತ್ತಿ, ನಿಮ್ಮ ಕೈ ಅಂದ್ರ ಕೈ" ಎಂದ. ಅಕ್ಕನ ಮುಖ ಅರಳಿತು. ಭಾವ ನನ್ನತ್ತ ಕಣ್ಣು ಹೊಡೆದ.

ಎಲ್ಲಕ್ಕಿಂತ ಛಲೋದನ್ನು ಅಕ್ಕ ಒಗೆದ ಬಿಳಿ ಪಂಚೆಯಲ್ಲಿ ಕಟ್ಟಿ ಕೊನೆಗೆಂದು ಇಟ್ಟಿದ್ದಳು. ಹಾಡು ಕೇಳುವ ಮೈದಾನದಲ್ಲೇ ಬೀಗರನ್ನು ಸಾಲಾಗಿ ಕೂಡಿಸಿ ಬಡಿಸಬೇಕು ಎಂಬುದು ಅವಳ ಆಲೋಚನೆ. ಕಂಪನಿ ನಾಟಕಕ್ಕೆ ಹೋದಾಗ ನಮ್ಮವ್ವ ಹಾಗೇ ಮಾಡುತ್ತಿದ್ದಳು. ತಿನ್ನುವುದನ್ನು ತರಬಾರದು ಎಂದು ಟಿಕೀಟಿನ ಸಂಗಡ ಭಾವನ ಫೋನಿಗೆ ಸೂಚನೆ ಬಂದಿತ್ತಂತೆ. ಅವನು ಅದನ್ನು ಓದಿಯೂ ಇದ್ದ. "ರೊಟ್ಟಿ ತರಬ್ಯಾಡ ಅಂತ ಯಾರರ ಬರೀತಾರೇನು? ಅದು ಸೆರೆ ಬಾಟ್ಲಿ, ಸಿಗರೇಟಿಗೆ ಹೇಳಿದ್ದು" ಎಂದು ತಾನೇ ಅರ್ಥ ಹಚ್ಚಿಕೊಂಡಿದ್ದ.

ಸಂಜೆ ಮೈದಾನದ ಗೇಟು ಮುಟ್ಟಿದೆವು. ಕರಿ ಅಂಗಿಯವರ ದೊಡ್ಡ ದಂಡು. ನನ್ನ ವಯಸ್ಸಿನವರೂ ತಲೆಗೂದಲು ಬಿಟ್ಟುಕೊಂಡು, ಕೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಮನೆಯಲ್ಲಿ ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದುಕೊಂಡೆ. ಗೇಟಿನಲ್ಲಿ ಕಾವಲಿನವನು ಅಕ್ಕನ ಗಂಟಿಗೆ ಕೈ ಹಚ್ಚಿ ಏನಿದು ಎಂದ. ನಮ್ಮ ಅಕ್ಕ ಏನು ಮಾಡಿದಳು? ಪಾಪ, ಹಸಿದಿದ್ದಾನೆ ಎಂದುಕೊಂಡು ಗಂಟಿನ ಮೂಲೆ ಸಡಿಲಿಸಿ ಒಂದು ಹೋಳಿಗಿ ಎಳೆದು ಅವನ ಮುಂದೆ ಹಿಡಿದಳು. ಅವನು ನಕ್ಕು, ತಲೆಯಾಡಿಸಿ, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಡ್ರಮ್ಮು ತೋರಿಸಿದ. ಬಾಟಲಿ, ಬಿಸ್ಕೀಟು, ಚಿಪ್ಸಿನ ಪಾಕೀಟು ಎಲ್ಲ ಅದರಲ್ಲಿ ಬಿದ್ದಿದ್ದವು. ಅದರಲ್ಲಿ ಹಾಕಿ ಒಳಗೆ ಹೋಗಬೇಕಂತೆ.

ಅಕ್ಕ ಮೂಲೆಯನ್ನು ಮತ್ತೆ ಬಿಗಿದು ಕಟ್ಟಿ, ಗಂಟನ್ನು ಎದೆಗೆ ಅವುಚಿಕೊಂಡಳು.

"ಬದಿಗೆ ಕುಂತು ಉಂಡು ಹೋಗೂಣ ಬರ್ರಿ, ಅಷ್ಟರಾಗ ಏನು ಮುಳುಗಿ ಹೋಗ್ತೈತಿ?" ಎಂದೆ ನಾನು.

ಅಷ್ಟರಲ್ಲಿ ಒಳಗೆ ಧಡ್ ಎಂದು ಸದ್ದಾಯಿತು. ಜನ ಹೋ ಎಂದರು. ಹುಡುಗ ಹಿಂದಕ್ಕೆ ತಿರುಗಿದ, ಅಕ್ಕನ ಎದೆಯಿಂದ ಗಂಟು ಕಸಿದ, ಡ್ರಮ್ಮಿಗೆ ಒಗೆದ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನಡೀರಿ ನಡೀರಿ, ಶುರು ಆತು!" ಎಂದು ಒಳಗೆ ನುಗ್ಗಿದ. ಅವನ ತಂದೆತಾಯಿ ಅವನ ಹಿಂದೆ. ಭಾವ ಅವರ ಹಿಂದೆ.

ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಡ್ರಮ್ಮಿನಲ್ಲಿ ಕೈ ಹಾಕಿದಳು. ಹಿಂದಿನವರು ಬೈಯುತ್ತಿದ್ದರು, ಒಬ್ಬಿಬ್ಬರು ಫೋನು ಎತ್ತಿ ಚಿತ್ರ ತೆಗೆಯುತ್ತಿದ್ದರು. ಭುಜದವರೆಗೆ ತೋಳು ಇಳಿಸಿ ತಡಕಾಡುತ್ತಿದ್ದ ತಾಯಿಯನ್ನು ಸೊಸೆ ಒಂದು ಗಳಿಗೆ ನೋಡಿದಳು. ಆಮೇಲೆ ಸಾಲಿನಿಂದ ಹೊರಗೆ ಬಂದು, ತಾನೂ ಕೈ ಹಾಕಿ ಗಂಟನ್ನು ಎತ್ತಿದಳು.

ರಸ್ತೆಯ ಆಚೆಗೆ ಫುಟ್‌ಪಾತಿನ ಮೇಲೆ ಮೂವರೂ ಕೂತೆವು. ಪಂಚೆಯ ಮೇಲೆ ಯಾರದೋ ತಂಪು ಪಾನೀಯ ಚೆಲ್ಲಿತ್ತು, ಒಳಗಿನ ಬಾಳೆ ಎಲೆ ದಾಟಿರಲಿಲ್ಲ. ಅಕ್ಕ ರೊಟ್ಟಿ ಮುರಿದು ಕೊಟ್ಟಳು, ಒಂದೊಂದು ತುತ್ತು ತಿಂದು ಉಳಿದದ್ದನ್ನು ಮತ್ತೆ ಕಟ್ಟಿದೆವು. ಗೋಡೆಯ ಆಚೆಯಿಂದ ಹಾಡು ಬರುತ್ತಿತ್ತು. ಹಾಡು ಎನ್ನುವುದು ಅವರ ಮಾತು. ನನ್ನ ಕಿವಿಗೆ ಅದು ಲಾರಿಯಿಂದ ಕಬ್ಬಿಣದ ಸಳಿ ಇಳಿಸಿದ ಸದ್ದು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನ ಗಂಡಸರು ಪ್ರಪಂಚವೆಲ್ಲ ತಿರುಗಿ ತಿರುಗಿ ಇದನ್ನು ಕೂಗುತ್ತಾರೆ, ಜನ ಸಾಲು ನಿಂತು ಕೇಳುತ್ತಾರೆ. ಆದರೆ ಸೊಸೆಗೆ ಪ್ರತಿ ಹಾಡೂ ಮೊದಲ ಸದ್ದಿಗೇ ಗೊತ್ತಾಗುತ್ತಿತ್ತು. ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು, ಕಣ್ಣು ತುಂಬಿದ್ದವು.

"ನೀ ಒಳಗ ಹೋಗವ್ವಾ. ನಾವಿಬ್ಬರು ಇಲ್ಲೆ ಕುಂಡ್ರತೀವಿ" ಎಂದೆ.

"ಇಲ್ಲಿಗೂ ಕೇಳ್ತೈತಿ ಮಾಮಾ."

ಅವಳ ಫೋನಿಗೆ ಹುಡುಗ ವಿಡಿಯೋ ಕಳಿಸಿದ. ಎಲ್ಲಿದ್ದೀರಿ ಎಂದು ಕೇಳಿರಲಿಲ್ಲ. ವಿಡಿಯೋದ ತುಂಬ ಅವನದೇ ಮುಖ, ನಾಲಿಗೆ ಹೊರಗೆ, ಹಿಂದೆ ಎಲ್ಲೋ ಕಡ್ಡಿಯಷ್ಟು ಸಣ್ಣಗೆ ಆ ಗಾಯಕ. ಎದ್ದು ಹೋಗಿ ಅವನ ಕಪಾಳಕ್ಕೆ ಎರಡು ಬಾರಿಸಬೇಕು ಅನ್ನಿಸಿತು. ಸೊಸೆ ಫೋನನ್ನು ಬೋರಲು ಇಟ್ಟು, ಹಾಡು ಮುಗಿಯುವವರೆಗೆ ಗೋಡೆಯನ್ನೇ ನೋಡುತ್ತ ಕೂತಳು.

ವಾಪಸು ಬರುವಾಗ ದಾರಿಯುದ್ದಕ್ಕೂ ಹುಡುಗ ಕಾರ್ಯಕ್ರಮದ ವರ್ಣನೆ ಮಾಡಿದ. ನಾವು ಒಳಗೆ ಕಾಣಲಿಲ್ಲವಲ್ಲ ಎಂದು ಕೇಳಿದವನು ಭಾವನೊಬ್ಬನೇ. ಗದ್ದಲಕ್ಕೆ ಅಕ್ಕನಿಗೆ ತಲೆ ನೋಯುತ್ತದೆ, ಹೊರಗೇ ಇದ್ದೆವು ಎಂದು ನಾನು ಹೇಳಿದೆ. ಅವನಿಗೆ ಅಷ್ಟು ಸಾಕಾಯಿತು. ಯಲಬುರ್ಗಾದವರು ಕುಷ್ಟಗಿಯಲ್ಲಿ ಇಳಿದು ತಮ್ಮ ಗಾಡಿ ಹತ್ತಿದರು. ಉಳಿದವರು ಚಹಾಕ್ಕೆ ನಮ್ಮ ಮನೆಗೆ ಬಂದರು. ಕಪ್ಪು ಕೆಳಗಿಡುವ ಮೊದಲೇ ಭಾವ ಗೆದ್ದವನ ಹಾಗೆ ಕಾಲು ಚಾಚಿದ.

"ಮತ್ತ, ನಿಶ್ಚಯಕ್ಕ ದಿನಾ ತಗಸ್ಲೇನವಾ?"

"ಬ್ಯಾಡಪ್ಪ" ಎಂದಳು ಮಗಳು.

ಭಾವ ಕಾಲು ಮಡಿಚಿದ. ಯಾಕೆ ಎಂದು ಕೂಗಿದ. ಮಗಳು ದನಿ ಏರಿಸಲಿಲ್ಲ.

"ರೊಟ್ಟಿ ಒಗದಿದ್ದಕ್ಕಲ್ಲ. ಗೇಟಿನಾಂವ ಹೇಳಿದ್ದ, ಒಳಗ ಹೋಗಬೇಕಂದ್ರ ಒಗೀಲೇಬೇಕಿತ್ತು. ಆದ್ರ ಒಗದ ಮ್ಯಾಲೂ ಆ ಮನಷ್ಯಾ ಅವ್ವನ ಮಾರಿ ನೋಡ್ಲಿಲ್ಲಪ್ಪ. ಕೈ ಒರಿಸ್ಕೊಂಡು ಹೋದ. ನಾಳೆ ನನ್ನ ಕೈಯಾಗಿಂದು ಏನರ ಹಿಂಗ ಕಸಗೊಂಡ್ರ, ಆಗ ನಾ ಯಾರ ಮಾರಿ ನೋಡ್ಲಿ?"

"ಒಂದು ಗಂಟು ರೊಟ್ಟಿ ಸಲುವಾಗಿ ಸರ್ಕಾರಿ ನೌಕರಿ ಹುಡುಗನ್ನ ಬಿಡ್ತೀಯೇನಲೇ? ಮಂದಿ ಏನಂದಾರು?"

ಮಗಳು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಅಕ್ಕ ಬಂದಳು. ಮದುವೆಯಾದಾಗಿನಿಂದ ಗಂಡನ ಮಾತಿಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳ ಕೈಯಲ್ಲಿ ಆ ಗಂಟಿನ ಸಜ್ಜಿ ರೊಟ್ಟಿಯ ತಾಟು ಇತ್ತು. ಅದನ್ನು ಭಾವನ ಮುಂದೆ ಇಟ್ಟಳು.

"ಬಿಡ್ತಾಳ್ರಿ" ಎಂದಳು. "ನೀವೂ ಹಿಂದಕ್ಕ ತಿರುಗಿ ನೋಡ್ಲಿಲ್ಲ. ನನಗಂತೂ ಬಿಡಾಕ ಆಗ್ಲಿಲ್ಲ, ಆಕಿಯರ ಬಿಡ್ಲಿ. ಉಣ್ರಿ."